ಖಾಲಿ ಉಳಿದ ತಾಯಿ ಕಾರ್ಡ್: ಆರೋಗ್ಯ ಸಚಿವರಿಗೆ ಒಬ್ಬ ನರ್ಸಮ್ಮನ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ.

ನಮಸ್ಕಾರ ಸರ್.

ನಾನು ನಿಮ್ಮ ಇಲಾಖೆಯಲ್ಲಿ 34 ವರ್ಷ ದುಡಿದವಳು. ಕಾಗದದಲ್ಲಿ ನನ್ನ ಹುದ್ದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಊರಿನವರ ಬಾಯಲ್ಲಿ ನರ್ಸಮ್ಮ. ಆಂಧ್ರದ ಗಡಿಗೆ ಹತ್ತಿಕೊಂಡಿರುವ ಒಂದು ಉಪಕೇಂದ್ರದಲ್ಲಿ ಕೊನೆಯ 12 ವರ್ಷ ಇದ್ದೆ. ಆರು ಹಳ್ಳಿ, ಐದು ಸಾವಿರ ಚಿಲ್ಲರೆ ಜನ, ಐವರು ಆಶಾ ಕಾರ್ಯಕರ್ತೆಯರು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ.

ಹೋದ ತಿಂಗಳು ಅಟ್ಟ ಕ್ಲೀನ್ ಮಾಡುವಾಗ ನನ್ನ ಹಳೆಯ ಡೈರಿಗಳ ನಡುವೆ ಒಂದು ತಾಯಿ ಕಾರ್ಡಿನ, ಅಂದರೆ ಬಸುರಿಯ ತಪಾಸಣೆ ಬರೆದಿಡುವ ಕಾರ್ಡಿನ ಜೆರಾಕ್ಸ್ ಸಿಕ್ಕಿತು. 2020ರದು. ಒಂದು ಮಗುವಿನ ಸಾವಿನ ವರದಿಗೆ ಬೇಕು ಅಂತ ಅವತ್ತು ಮಾಡಿಸಿದ್ದು. ಅದನ್ನು ಹಿಡಿದುಕೊಂಡು ಏಣಿಯ ಮೇಲೆ ಎಷ್ಟೋ ಹೊತ್ತು ಹಾಗೇ ನಿಂತಿದ್ದೆ. ಮೊಮ್ಮಗಳು ಕೆಳಗಿಂದ ಕೂಗಿದಾಗಲೇ ಎಚ್ಚರವಾಗಿದ್ದು. ಈ ಪತ್ರ ಬರೆಯುವುದಕ್ಕೆ ಆ ಕಾರ್ಡೇ ಕಾರಣ.

ಕಾರ್ಡಿನಲ್ಲಿ ಜನವರಿಯ ಕಾಲಂ ತುಂಬಿದೆ. ತೂಕ 41 ಕೆ.ಜಿ., ಬಿಪಿ 110/70. ಫೆಬ್ರವರಿಯದು ತುಂಬಿದೆ. ರಕ್ತದ ಪ್ರಮಾಣ (ಹಿಮೋಗ್ಲೋಬಿನ್) 8.4, ಕಡಿಮೆ. ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೇನೆ. ಮಾರ್ಚ್ 9ರ ಕಾಲಮ್ಮಿನಲ್ಲಿ ಡಾಕ್ಟರ ಕೈಬರಹ ಇದೆ, ರಕ್ತ ಏರಿಸುವ ಐರನ್ ಸುಕ್ರೋಸ್ ಬಾಟಲಿ ಹಾಕಬೇಕು ಅಂತ. ಅಲ್ಲಿಂದ ಮುಂದೆ ಏಪ್ರಿಲ್ ಖಾಲಿ. ಮೇ ಖಾಲಿ. ಜೂನ್ ಅರ್ಧ ಖಾಲಿ. ಆಮೇಲೆ ನನ್ನದೇ ಅವಸರದ ಅಕ್ಷರದಲ್ಲಿ ಒಂದು ಸಾಲು: ಬಿಪಿ 160/110, ರಕ್ತ 6.9, ಕಾಲು ಊದಿದೆ, ಕೂಡಲೇ ಕಳಿಸಲಾಗಿದೆ.

ಆ ಹುಡುಗಿಯ ಹೆಸರು ಹೇಳುವುದಿಲ್ಲ. ಅದು ಅವಳ ಎರಡನೇ ಬಸುರು. ನಾನು ರಕ್ತ ಪರೀಕ್ಷೆ ಮಾಡುತ್ತಿದ್ದದ್ದು ಹಳೆಯ ಕ್ರಮದಲ್ಲಿ. ಸಣ್ಣ ಗಾಜಿನ ಕೊಳವೆಗೆ ಆಸಿಡ್ ಹಾಕಿ, ಬೆರಳು ಚುಚ್ಚಿ ರಕ್ತ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಹನಿ ಹನಿಯಾಗಿ ನೀರು ಬಿಡುತ್ತಾ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೋಲಿಸುವುದು. ರಕ್ತ ಚೆನ್ನಾಗಿದ್ದವರದು ಎಷ್ಟು ಹನಿ ಬಿಟ್ಟರೂ ಡಿಕಾಕ್ಷನ್ ತರ ಗಟ್ಟಿ ನಿಲ್ಲುತ್ತದೆ. ರಕ್ತ ಕಡಿಮೆ ಇದ್ದವರದು ನಾಲ್ಕು ಹನಿಗೇ ತೆಳ್ಳಗಾಗಿಬಿಡುತ್ತದೆ. ಆವತ್ತು ಅವಳೂ ಬಗ್ಗಿ ಕೊಳವೆ ನೋಡುತ್ತಿದ್ದಳು. "ಇಷ್ಟು ಬೇಗ ನೀರಾಯ್ತಾ ನರ್ಸಮ್ಮ?" ಅಂತ ಕೇಳಿದಳು. ಹೆದರಬೇಡ ಕಣಮ್ಮ, ಬಾಟಲಿ ಹಾಕಿಸ್ತೀನಿ, ಏರುತ್ತೆ ಅಂದೆ. ಮಾರ್ಚ್ ಕೊನೆಯ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿಎಚ್‌ಸಿಗೆ ಬಾ ಅಂತ ದಿನ ಕೊಟ್ಟೆ.

ಮಾರ್ಚ್ 25ರಿಂದ ಲಾಕ್‌ಡೌನ್. ಬಸ್ಸಿಲ್ಲ. ಅವಳ ಊರಿಂದ ಪಿಎಚ್‌ಸಿಗೆ ಒಂಬತ್ತು ಕಿಲೋಮೀಟರ್. ನಾನಾದರೂ ಮನೆಗೆ ಹೋಗಿ ನೋಡಬಹುದಿತ್ತು ಅಲ್ವಾ? ನನ್ನನ್ನು ಗಡಿಯ ಚೆಕ್‌ಪೋಸ್ಟಿಗೆ ಹಾಕಿದ್ದರು. ಕೈಯಲ್ಲಿ ಜ್ವರ ನೋಡುವ ಗನ್ನು, ಒಂದು ನೋಟ್‌ಬುಕ್ಕು. ಬಂದ ಗಾಡಿ ನಿಲ್ಲಿಸಿ ಹಣೆಗೆ ಗನ್ನು ಹಿಡಿಯಬೇಕು, ಹೆಸರು ಬರೆಯಬೇಕು. ಅದು ಮುಗಿದ ಮೇಲೆ ಮನೆ ಮನೆ ಸರ್ವೆ. ಆಮೇಲೆ ಕ್ವಾರಂಟೈನ್ ಮಾಡಿದ್ದ ಹಾಸ್ಟೆಲ್ಲಿನಲ್ಲಿ ಡ್ಯೂಟಿ. ನನ್ನ ಐವರು ಆಶಾಗಳಿಗೂ ಇದೇ ಕೆಲಸ. ಯಾರು ಬೆಂಗಳೂರಿಂದ ಬಂದರು, ಯಾರಿಗೆ ಕೆಮ್ಮು, ಯಾರ ಕೈಯಲ್ಲಿ ಸೀಲು ಇದೆ. ಅದೂ ಬೇಕಾದ ಕೆಲಸವೇ, ಬೇಡ ಅನ್ನುವುದಿಲ್ಲ. ಆದರೆ ಬಸುರಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ ಕೈಯೂ ಅದೇ ಒಂದು ಕೈ.

ಬಿಪಿ ಏರುವುದು ಬಸುರಿಗೆ ಗೊತ್ತಾಗುವುದಿಲ್ಲ ಸರ್. ತೋಳಿಗೆ ಪಟ್ಟಿ ಸುತ್ತಿ ನೋಡಿದವರಿಗೆ ಮಾತ್ರ ಗೊತ್ತಾಗುವುದು. ಎರಡು ನಿಮಿಷದ ಕೆಲಸ. ಏಪ್ರಿಲ್‌ನಲ್ಲೋ ಮೇನಲ್ಲೋ ಆ ಎರಡು ನಿಮಿಷ ಅವಳಿಗೆ ಸಿಕ್ಕಿದ್ದರೆ ಮಾತ್ರೆ ಶುರು ಮಾಡುತ್ತಿದ್ದೆವು, ದೊಡ್ಡಾಸ್ಪತ್ರೆಗೆ ಮೊದಲೇ ಹೇಳಿಡುತ್ತಿದ್ದೆವು.

ಜೂನ್‌ನಲ್ಲಿ ನಾನು ಅವಳ ಮನೆಗೆ ಹೋದದ್ದೂ ಸರ್ವೆಗೆ ಅಂತಲೇ. ಜಗುಲಿ ಮೇಲೆ ಕೂತಿದ್ದಳು. ಮುಖ ಊದಿತ್ತು, ಕಾಲುಂಗುರ ಬೆರಳಲ್ಲಿ ಹೂತುಹೋಗಿತ್ತು. ಯಾಕಮ್ಮ ಒಂದು ಸಲವೂ ಬರಲಿಲ್ಲ ಅಂತ ಕೇಳಿದೆ. "ಎರಡು ಸಲ ಸೆಂಟರ್‌ಗೆ ಬಂದಿದ್ದೆ, ಬೀಗ ಹಾಕಿತ್ತು, ನೀವೇ ಇರಲಿಲ್ಲವಲ್ಲ ನರ್ಸಮ್ಮ" ಅಂದಳು. ಆ ಮಾತಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

108ರಲ್ಲಿ ಕರೆದುಕೊಂಡು ಹೋದೆ. ಮೊದಲ ಆಸ್ಪತ್ರೆಯಲ್ಲಿ ಸ್ವಾಬ್ ರಿಪೋರ್ಟ್ ಕೇಳಿದರು. ಅವಳ ಗಂಡ ಬೆಂಗಳೂರಿಂದ ಬಂದವನು ಅನ್ನುವುದು ಅವರ ಭಯ. ರಿಪೋರ್ಟ್ ಬರಲು ಎರಡು ದಿನ. ಹೊರಗೆ ಕಲ್ಲು ಬೆಂಚಿನ ಮೇಲೆ ಮೂರು ಗಂಟೆ ಕೂತೆವು. ಕೊನೆಗೆ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮುಟ್ಟುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹೆಣ್ಣು ಮಗು. ತಾಯಿ ಒಂಬತ್ತು ದಿನ ಐಸಿಯುನಲ್ಲಿದ್ದು ಉಳಿದುಕೊಂಡಳು. ಆ ಮೊದಲ ಆಸ್ಪತ್ರೆಯ ಹೆಸರು ನನಗೆ ಇಲ್ಲಿ ಮುಖ್ಯವಲ್ಲ. ಅಲ್ಲಿದ್ದ ಸಿಸ್ಟರ್‌ಗಳೂ ಹೆದರಿಕೊಂಡೇ ಕೆಲಸ ಮಾಡುತ್ತಿದ್ದವರು. ಒಂದೊಂದು ಪಿಪಿಇ ಕಿಟ್ಟಿಗೂ ಲೆಕ್ಕ ಹೇಳಬೇಕಾದ ದಿನಗಳವು.

ಒಬ್ಬ ಹೆಂಗಸಿನ ಕತೆಯಿಂದ ಇಡೀ ರಾಜ್ಯದ ಮಾತು ಆಡುತ್ತಿದ್ದೀಯಾ ಅಂತ ಕೇಳಬಹುದು. 2020ರ ಜುಲೈನಲ್ಲಿ ಬೆಂಗಳೂರಿನಂಥ ಬೆಂಗಳೂರಲ್ಲೇ ಒಬ್ಬ ಹೆಣ್ಣುಮಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಆಟೋದಲ್ಲೇ ಹೆತ್ತಳು, ಮಗು ಉಳಿಯಲಿಲ್ಲ. ಎಲ್ಲಾ ಪೇಪರಿನಲ್ಲೂ ಬಂದಿತ್ತು. ಏಪ್ರಿಲ್‌ನಲ್ಲಿ ಬೆಂಗಳೂರಿಂದ ಸಿಂಧನೂರಿನ ಕಡೆ ನಡೆದು ಹೊರಟ ಕೂಲಿ ಹೆಣ್ಣುಮಗಳು ಬಳ್ಳಾರಿಯಲ್ಲಿ ತೀರಿಕೊಂಡಳು. ಇವು ಸುದ್ದಿಯಾದವು. ಖಾಲಿ ಕಾಲಮ್ಮುಗಳು ಸುದ್ದಿಯಾಗುವುದಿಲ್ಲ.

ಆದೇಶ ಇರಲಿಲ್ಲ ಅಂತಲ್ಲ ಸರ್. ಬಸುರಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ ನಿಲ್ಲಿಸಬಾರದು ಅಂತ ಕೇಂದ್ರದ ಆರೋಗ್ಯ ಇಲಾಖೆ 2020ರ ಏಪ್ರಿಲ್ ಮಧ್ಯದಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ನಮ್ಮ ವಾಟ್ಸಾಪ್ ಗ್ರೂಪಿಗೂ ಬಂತು. ಅದರ ಕೆಳಗೇ ಚೆಕ್‌ಪೋಸ್ಟ್ ಡ್ಯೂಟಿಯ ಪಟ್ಟಿಯೂ ಬಂತು, ಅದರಲ್ಲಿ ನನ್ನ ಹೆಸರಿತ್ತು. ಹೆಂಗಸರ ಆರೈಕೆ ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಮಾಡುವವರನ್ನೆಲ್ಲ ಬೇರೆ ಕಡೆ ಕರೆದುಕೊಂಡರು, ಅದು ತಾನಾಗೇ ನಿಂತುಹೋಯಿತು. ನಾನು ಇಷ್ಟು ಉದ್ದ ಬರೆಯುತ್ತಿರುವುದು ಈ ಒಂದು ಮಾತು ಹೇಳುವುದಕ್ಕೇ.

ಎಬೋಲಾ ಬಂದಾಗ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲೂ ಹೀಗೇ ಆಗಿತ್ತಂತೆ, 2014-15ರಲ್ಲಿ. ಭಯಕ್ಕೆ ಬಸುರಿಯರು ಆಸ್ಪತ್ರೆ ಬಿಟ್ಟರು, ಹೆರಿಗೆ ಹೊತ್ತಿನ ಸಾವು ಹೆಚ್ಚಾಯಿತು. ನಮಗೆ ಕೊರೋನಾ ಮುಗಿದ ಮೇಲೆ ಒಂದು ತರಬೇತಿಯಲ್ಲಿ ಡಾಕ್ಟರೊಬ್ಬರು ಇದನ್ನು ಹೇಳಿದರು. ಕೇಳಿ ಹೊಟ್ಟೆ ಉರಿಯಿತು. ಐದು ವರ್ಷ ಮೊದಲೇ ಗೊತ್ತಿದ್ದ ಸಂಗತಿ ಅದು.

ಇನ್ನೊಂದು ವಿಷಯ, ಇದರ ಬಗ್ಗೆ ಗಂಡಸರು ಕೂತ ಸಭೆಗಳಲ್ಲಿ ಮಾತೇ ಬರುವುದಿಲ್ಲ. ಆಪರೇಷನ್. ನಮ್ಮ ರಾಜ್ಯದಲ್ಲಿ ಕುಟುಂಬ ಯೋಜನೆ ಅಂದರೆ ಹೆಂಗಸರ ಆಪರೇಷನ್ನೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 57.4ರಷ್ಟು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರದು ಲೆಕ್ಕಕ್ಕೇ ಸಿಗುವುದಿಲ್ಲ. ಹೀಗೆ ಒಂದೇ ಕಂಬದ ಮೇಲೆ ಮನೆ ನಿಲ್ಲಿಸಿದ್ದೇವೆ. ಲಾಕ್‌ಡೌನ್‌ನಲ್ಲಿ ಕ್ಯಾಂಪ್‌ಗಳು ನಿಂತವು, ಕಾಪರ್ ಟಿ ಹಾಕುವುದೂ ನಿಂತಿತು. ಅದೇ ಹೊತ್ತಿಗೆ ಬೆಂಗಳೂರಿನ ಗಂಡಸರೆಲ್ಲ ಊರಿಗೆ ವಾಪಸ್ ಬಂದರು. ಆಶಾ ಹತ್ತಿರ ಇದ್ದ ನಿರೋಧ್, ಮಾಲಾ ಮಾತ್ರೆ ಮುಗಿದ ಮೇಲೆ ಮತ್ತೆ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಆಪರೇಷನ್‌ಗೆ ಕಾಯುತ್ತಿದ್ದ ಹನ್ನೊಂದು ಜನರಲ್ಲಿ ನಾಲ್ವರು ಮತ್ತೆ ಬಸುರಾದರು. ಅವರಲ್ಲಿ ಒಬ್ಬಳು ಯಾವುದೋ ಅಂಗಡಿಯಿಂದ ಮಾತ್ರೆ ತರಿಸಿ ನುಂಗಿ, ರಕ್ತ ಹೋಗಿ ಹೋಗಿ ಬಿಳಿಚಿಕೊಂಡು ನನ್ನ ಮನೆ ಬಾಗಿಲಿಗೆ ರಾತ್ರಿ ಬಂದಳು. ಗರ್ಭಪಾತ ಕಾನೂನುಬದ್ಧ ಅಂತ ಎಷ್ಟು ಸಲ ಹೇಳಿದ್ದೆ ನಾನೇ. ಕಾನೂನು ಇತ್ತು, ಹೋಗಲು ಜಾಗ ಇರಲಿಲ್ಲ. ಐಪಾಸ್ ಡೆವಲಪ್‌ಮೆಂಟ್ ಫೌಂಡೇಶನ್ ಅನ್ನುವ ಸಂಸ್ಥೆ ಮಾಡಿದ ಅಂದಾಜಿನ ಪ್ರಕಾರ, 2020ರ ಲಾಕ್‌ಡೌನ್‌ನ ಮೂರು ತಿಂಗಳಲ್ಲಿ ದೇಶದಲ್ಲಿ ಸುಮಾರು 18.5 ಲಕ್ಷ ಹೆಂಗಸರಿಗೆ ಬೇಕಾದ ಹೊತ್ತಿಗೆ ಗರ್ಭಪಾತದ ಸೇವೆ ಸಿಗಲಿಲ್ಲ.

ತವರಿನ ಮಾತು ಹೇಳದಿದ್ದರೆ ಆಗುವುದಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ. ಏಳನೇ ತಿಂಗಳಿಗೆ ಸೀಮಂತ ಮಾಡಿ ಕಳಿಸುತ್ತಾರೆ. ಗಡಿ ಹಳ್ಳಿಗಳಲ್ಲಿ ಎಷ್ಟೋ ಹುಡುಗಿಯರ ತವರು ಆಂಧ್ರದಲ್ಲಿ, ಮೂರು ನಾಲ್ಕು ಮೈಲಿ ಆಚೆಗೆ. ಆ ಚೆಕ್‌ಪೋಸ್ಟ್‌ನಲ್ಲಿ ನಾನೇ ಕೂತಿದ್ದೆನಲ್ಲ. ಎಂಟು ತಿಂಗಳ ಬಸುರಿ ಹುಡುಗಿ ಈ ಕಡೆ, ಅವಳ ಅಮ್ಮ ಆ ಕಡೆ, ನಡುವೆ ಕಬ್ಬಿಣದ ಬ್ಯಾರಿಕೇಡು. ಪಾಸ್ ಇಲ್ಲ ಅಂತ ಪೊಲೀಸರು ಬಿಡಲಿಲ್ಲ. ಅಮ್ಮ ಒಂದು ಡಬ್ಬಿ ಅಂಟಿನುಂಡೆ ಬ್ಯಾರಿಕೇಡಿನ ಮೇಲಿಂದ ಕೊಟ್ಟು ವಾಪಸ್ ಹೋದರು. ಆ ಹುಡುಗಿಯ ಬಾಣಂತನ ಮಾಡಿದ್ದು ಅರವತ್ತೈದು ವರ್ಷದ, ಕಣ್ಣು ಸರಿಯಾಗಿ ಕಾಣದ ಅತ್ತೆ.

ಅಂಗನವಾಡಿ ಊಟವೂ ಹಾಗೇ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣಬೇಕು ಅಂತ ಮಾಡಿದ್ದಕ್ಕೆ ಒಂದು ಕಾರಣ ಇತ್ತು. ಅಲ್ಲಿ ಕೂತರೆ ಅವಳ ತಟ್ಟೆಯ ಊಟ ಅವಳೇ ಉಣ್ಣುತ್ತಾಳೆ. ಕೊರೋನಾದಲ್ಲಿ ರೇಷನ್ ಮನೆಗೆ ಕೊಟ್ಟರು. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಕೂಲಿ ಇಲ್ಲದ ಮನೆಗೆ ಹೋದ ಅಕ್ಕಿ ಬೇಳೆ ಮೊಟ್ಟೆ ಎಲ್ಲರ ಹೊಟ್ಟೆಗೂ ಹಂಚಿಹೋಯಿತು. ಕೊನೆಗೆ ಉಣ್ಣುವವಳು ಅವಳೇ, ತಳದಲ್ಲಿ ಉಳಿದದ್ದು ಅವಳ ಪಾಲು.

ಮುಟ್ಟಿನ ಪ್ಯಾಡ್ ಅಗತ್ಯ ವಸ್ತು ಹೌದು ಅಂತ ದಿಲ್ಲಿಯಿಂದ ಸ್ಪಷ್ಟನೆ ಬಂದಿದ್ದು ಲಾಕ್‌ಡೌನ್ ಶುರುವಾಗಿ ನಾಲ್ಕು ದಿನ ಆದ ಮೇಲೆ, 2020ರ ಮಾರ್ಚ್ 29ಕ್ಕೆ. ನಮ್ಮ ಹಳ್ಳಿ ಹೆಣ್ಣುಮಕ್ಕಳಿಗೆ ಶುಚಿ ಯೋಜನೆಯ ಪ್ಯಾಡ್ ಸಿಗುತ್ತಿದ್ದದ್ದು ಶಾಲೆಯಲ್ಲಿ, ಶಾಲೆಗೇ ಬೀಗ. ಮತ್ತೆ ಬಟ್ಟೆಗೆ ಹೋದರು. ಮನೆ ತುಂಬ ಗಂಡಸರು ಇರುವಾಗ ಆ ಬಟ್ಟೆ ಒಣಗಿಸಲೂ ಜಾಗ ಇಲ್ಲ. ಒದ್ದೆ ಬಟ್ಟೆಯಿಂದ ತೊಡೆ ಸಂದಿ ಹುಣ್ಣಾಗಿ ಒಬ್ಬ ಹುಡುಗಿ ಆಶಾ ಹತ್ತಿರ ಗುಟ್ಟಾಗಿ ಮುಲಾಮು ಕೇಳಿದ್ದಳು.

ನನ್ನ ಸ್ವಂತ ಅಕ್ಕನ ವಿಷಯವನ್ನೂ ಹೇಳಿಬಿಡುತ್ತೇನೆ. 2020ರ ಮೇನಲ್ಲಿ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತಂತೆ. ಕೊರೋನಾ ಮುಗೀಲಿ, ಆಮೇಲೆ ತೋರಿಸಿದ್ರಾಯ್ತು, ಸುಮ್ನೆ ಯಾಕೆ ಎಲ್ಲರಿಗೂ ತೊಂದರೆ ಅಂತ ಬಾಯಿ ಮುಚ್ಚಿಕೊಂಡಿದ್ದಳು. ತಂಗಿ ನರ್ಸ್, ನನಗೂ ಹೇಳಲಿಲ್ಲ. ಡಾಕ್ಟರು ಮುಟ್ಟಿ ನೋಡುವ ಹೊತ್ತಿಗೆ ಹನ್ನೊಂದು ತಿಂಗಳು ಆಗಿತ್ತು. ತನ್ನ ನೋವನ್ನು ಹಿಂದಕ್ಕೆ ತಳ್ಳುವುದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳಾಗಿ ಬರುತ್ತಾಳೆ ಅಂತ ಇಲಾಖೆ ಕಾದರೆ ಅವಳು ಬರುವುದಿಲ್ಲ. ಬಾಗಿಲಿಗೆ ಹೋಗುವವರು ಬೇಕು.

ಎರಡನೇ ಅಲೆ ನಿಮಗೆ ನೆನಪಿರಬಹುದು. ಲಸಿಕೆ 2021ರ ಜನವರಿ 16ಕ್ಕೆ ಶುರುವಾಯಿತು. ಬಸುರಿಯರಿಗೆ ಹಾಕಬೇಡಿ ಅಂದರು, ಅವರ ಮೇಲೆ ಪರೀಕ್ಷೆ ಮಾಡಿಲ್ಲ ಅನ್ನುವುದು ಕಾರಣ. ಏಪ್ರಿಲ್, ಮೇ ಪೂರ್ತಿ ಸಾವಿನ ತಿಂಗಳು. ಬಾಣಂತಿಯರಿಗೆ ಹಾಕಬಹುದು ಅಂದಿದ್ದು ಮೇ 19ಕ್ಕೆ. ಬಸುರಿಯರಿಗೆ ಜುಲೈ 2ಕ್ಕೆ. ಅಷ್ಟರಲ್ಲಿ ಅಲೆ ಇಳಿದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಬಸುರಿ ಬಾಣಂತಿಯರಲ್ಲಿ ಸೋಂಕು ತಗುಲಿದವರ ಸಾವು ಮೊದಲ ಅಲೆಯಲ್ಲಿ ಶೇ. 0.7 ಇದ್ದದ್ದು ಎರಡನೇ ಅಲೆಯಲ್ಲಿ ಶೇ. 5.7 ಆಗಿತ್ತು. ನಮ್ಮ ಪಕ್ಕದ ಉಪಕೇಂದ್ರದ ಊರಲ್ಲಿ ಎಂಟು ತಿಂಗಳ ಬಸುರಿ ಟೀಚರ್ ಒಬ್ಬರು ಹೋದರು. ಲಸಿಕೆ ಕೇಳಿಕೊಂಡು ಎರಡು ಸಲ ಬಂದಿದ್ದರು, ನಿಮಗೆ ಇಲ್ಲಮ್ಮ ಅಂತ ವಾಪಸ್ ಕಳಿಸಿದ್ದರು. ಈ ತೀರ್ಮಾನ ನಿಮ್ಮ ಕೈಯದಲ್ಲ, ಕೇಂದ್ರದ್ದು. ಆದರೆ ಮುಂದಿನ ಸಲ ಹೊಸ ಲಸಿಕೆ ಪರೀಕ್ಷೆ ಶುರುವಾದ ದಿನವೇ ಬಸುರಿಯರ ಲೆಕ್ಕ ಏನು ಅಂತ ಕರ್ನಾಟಕದ ಸಚಿವರು ಕೇಳಬಹುದಲ್ಲ.

ತಾಯಂದಿರ ಸಾವು ಕಡಿಮೆಯಾಗಿದೆ ಅಂತ ಅಧಿಕಾರಿಗಳು ನಿಮಗೆ ಅಂಕಿ ತೋರಿಸುತ್ತಾರೆ. ಅದು ನಿಜ. ಒಂದು ಲಕ್ಷ ಜೀವಂತ ಹೆರಿಗೆಗೆ 2017-19ರಲ್ಲಿ 83 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಅದರಲ್ಲಿ ನನ್ನಂಥವರ ಬೆವರೂ ಇದೆ, ಹೆಮ್ಮೆ ಪಡುತ್ತೇನೆ. ಆದರೆ ಅದು ಮೂರು ಮೂರು ವರ್ಷ ಸೇರಿಸಿ ತೆಗೆದ ಲೆಕ್ಕ. ಒಂದು ಏಪ್ರಿಲ್, ಒಂದು ಮೇ ಅದರಲ್ಲಿ ಕಾಣುವುದಿಲ್ಲ. ನಾನು ಹೇಳಿದ ಹುಡುಗಿ ಬದುಕಿದ್ದಾಳೆ, ಹಾಗಾಗಿ ಅವಳು ಆ ಲೆಕ್ಕದಲ್ಲೇ ಇಲ್ಲ. ಅವಳ ಮಗು ಉಸಿರಾಡಲೇ ಇಲ್ಲ, ಅದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಹೊಸ ಆಸ್ಪತ್ರೆ ಕಟ್ಟಿ ಅನ್ನುತ್ತಿಲ್ಲ ನಾನು. ಮುಂದಿನ ಪಿಡುಗು ಬರುವ ಮೊದಲೇ ಒಂದು ಆದೇಶ ಬರೆದಿಡಿ. ಯಾವ ತುರ್ತು ಬಂದರೂ ಪ್ರತಿ ಉಪಕೇಂದ್ರದ ನರ್ಸಮ್ಮನನ್ನು ಅಲ್ಲಿಂದ ತೆಗೆಯಬಾರದು. ಆಶಾಗಳಲ್ಲಿ ಅರ್ಧ ಜನ ತಮ್ಮ ಬಸುರಿ ಬಾಣಂತಿಯರ ಕೆಲಸದಲ್ಲೇ ಇರಬೇಕು. ಚೆಕ್‌ಪೋಸ್ಟ್‌ನಲ್ಲಿ ಹೆಸರು ಬರೆಯಲು ನರ್ಸೇ ಬೇಕಾ? ಶಾಲೆ ಮುಚ್ಚಿದಾಗ, ಕಚೇರಿ ಮುಚ್ಚಿದಾಗ ಬರೆಯಬಲ್ಲವರು ಎಷ್ಟು ಜನ ಇರಲಿಲ್ಲ? ಗನ್ನು ಹಿಡಿಯುವುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುವುದನ್ನು ಕಲಿಯಲು ವರ್ಷಗಳು ಬೇಕು.

ತಾಯಿ ಕಾರ್ಡೇ ಪಾಸ್ ಆಗಲಿ. ಅದನ್ನು ತೋರಿಸಿದರೆ ಯಾವ ಜಿಲ್ಲೆ, ಯಾವ ಗಡಿಯಲ್ಲೂ ತಡೆಯಬಾರದು. ಪಕ್ಕದ ರಾಜ್ಯಗಳ ಜೊತೆ ಈಗಲೇ ಮಾತಾಡಿ ಒಪ್ಪಂದ ಮಾಡಿಕೊಳ್ಳಿ. ತಾಲ್ಲೂಕಿಗೊಂದು ಆಂಬುಲೆನ್ಸ್ ಹೆರಿಗೆಗೆ ಮಾತ್ರ ಮೀಸಲಿರಲಿ.

ಹೆರಿಗೆ ನೋವಲ್ಲಿ, ಬಿಪಿ ಏರಿ, ರಕ್ತ ಹೋಗುತ್ತಾ ಬಂದವಳಿಗೆ ರೋಗ ಇದೆ ಅಂದುಕೊಂಡೇ ಒಳಗೆ ಕರೆದುಕೊಳ್ಳಲಿ. ಮೊದಲು ಚಿಕಿತ್ಸೆ, ರಿಪೋರ್ಟ್ ಆಮೇಲೆ. ಇದು ನಮಗೆ ಹೊಸದೇನಲ್ಲ. ಎಚ್‌ಐವಿ ಬಂದ ಕಾಲದಲ್ಲಿ ಎಲ್ಲರ ರಕ್ತವನ್ನೂ ಸೋಂಕಿನ ರಕ್ತ ಅಂದುಕೊಂಡೇ ಗ್ಲೌಸ್ ಹಾಕಿ ಕೆಲಸ ಮಾಡಲು ಕಲಿತವರು ನಾವು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಕೊರೋನಾ ಬಂದ ಬಸುರಿಯರಿಗೆ ಹೆರಿಗೆ ಮಾಡಿಸಿದರು, ಹಾಗಾಗಿ ಅದು ಆಗುವ ಕೆಲಸ. ತಾಲ್ಲೂಕು ಆಸ್ಪತ್ರೆಗೂ ಆ ಕಿಟ್ಟು, ಆ ಧೈರ್ಯ ಎರಡನ್ನೂ ಮೊದಲೇ ಕೊಡಬೇಕು.

ಆಶಾಗಳ ಮಾತು. 2020ರ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ಗೌರವಧನ ಬೇಕು ಅಂತ ಮುಷ್ಕರಕ್ಕೆ ಇಳಿದರು. ಆಗ ರಾಜ್ಯ ಕೊಡುತ್ತಿದ್ದದ್ದು 4 ಸಾವಿರ. ನನ್ನ ಒಬ್ಬ ಆಶಾ ಸೀರೆ ಸೆರಗನ್ನೇ ಮಾಸ್ಕ್ ಮಾಡಿಕೊಂಡು ಎರಡು ತಿಂಗಳು ಮನೆ ಮನೆ ತಿರುಗಿದಳು. ಅವಳಿಗೂ ಮುಟ್ಟು ಇತ್ತು, ಅವಳಿಗೂ ರಕ್ತ ಕಡಿಮೆ ಇತ್ತು, ಅವಳ ರಕ್ತ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಮುಷ್ಕರಕ್ಕೆ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ್ದರು. ತಿಂಗಳಿಗೆ ಕನಿಷ್ಠ 10 ಸಾವಿರ ಸಿಗುವಂತೆ ಮಾಡುತ್ತೇವೆ ಅಂತ ಸರ್ಕಾರ ಹೇಳಿದ ಮೇಲೆ ಮನೆಗೆ ಹೋದರು. ಆ ಮಾತು ಪ್ರತಿ ತಿಂಗಳೂ, ಪ್ರತಿ ಆಶಾಳ ಖಾತೆಯಲ್ಲೂ ಕಾಣಬೇಕು ಸರ್.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಕೊರೋನಾ ಕಾಲದಲ್ಲಿ ದಿನಾ ಸಂಜೆ ಬುಲೆಟಿನ್ ಬರುತ್ತಿತ್ತು. ಎಷ್ಟು ಪಾಸಿಟಿವ್, ಎಷ್ಟು ಡಿಸ್ಚಾರ್ಜ್, ಎಷ್ಟು ಸಾವು. ಆ ಅಂಕಿಗೋಸ್ಕರ ನಮಗೆ ದಿನಕ್ಕೆ ಎರಡು ಸಲ ಫೋನ್ ಬರುತ್ತಿತ್ತು. ನಿನ್ನ ಬಸುರಿಯರಲ್ಲಿ ಎಷ್ಟು ಜನರ ಬಿಪಿ ಈ ವಾರ ನೋಡಿದೆ ಅಂತ ಆ ಮೂರು ತಿಂಗಳಲ್ಲಿ ನನಗೆ ಒಂದೇ ಒಂದು ಫೋನ್ ಬರಲಿಲ್ಲ. ಕೇಳಿದ್ದರೆ ಹೇಗಾದರೂ ಮಾಡುತ್ತಿದ್ದೆ. ಚೆಕ್‌ಪೋಸ್ಟ್‌ಗೆ ಹೋಗುವ ದಾರಿಯಲ್ಲೇ ಇತ್ತು ಆ ಕಾರ್ಡಿನ ಹುಡುಗಿಯ ಮನೆ. ಮುಂದಿನ ಸಲ ಆ ಬುಲೆಟಿನ್‌ನಲ್ಲಿ ಇನ್ನೂ ಎರಡು ಸಾಲು ಇರಲಿ. ಈ ವಾರ ತಪಾಸಣೆ ಆಗಬೇಕಿದ್ದ ಬಸುರಿಯರು ಎಷ್ಟು, ಆದವರು ಎಷ್ಟು. ಜಿಲ್ಲಾವಾರು.

ಈ ಆದೇಶ ಬರೆಯಲು ಕೂರುವವರ ಜೊತೆ ಒಬ್ಬ ಆಶಾ, ಒಬ್ಬ ಉಪಕೇಂದ್ರದ ನರ್ಸ್, ಲಾಕ್‌ಡೌನ್‌ನಲ್ಲಿ ಹೆತ್ತ ಒಬ್ಬ ತಾಯಿಯೂ ಕೂರಲಿ. ನನ್ನನ್ನು ಕರೆದರೆ ಬರುತ್ತೇನೆ, ಬಸ್ ಚಾರ್ಜೂ ಬೇಡ. 2020 ಮತ್ತು 2021ರ ಡೈರಿಗಳು ನನ್ನ ಹತ್ತಿರ ಇವೆ, ಯಾವ ದಿನ ಎಲ್ಲಿ ಡ್ಯೂಟಿ ಹಾಕಿದ್ದರು ಅಂತ ಬರೆದಿಟ್ಟಿದ್ದೇನೆ. ಅವನ್ನೂ, ಆ ತಾಯಿ ಕಾರ್ಡಿನ ಜೆರಾಕ್ಸನ್ನೂ ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ